ಉತ್ತರ ಇರಲಿ, ದನಿ ಬೇಡ

ಹಾನಗಲ್ಲ
೧೩ ನವೆಂಬರ್ ೨೦೨೫, ಗುರುವಾರ

ಮಗಳೇ ಶ್ವೇತಾ,

ಅವ್ವ ಕಾಗದ ಬರೆದಿದ್ದಾಳೆ ಅಂದಕೂಡಲೇ ನಿನ್ನ ಕೈಕಾಲು ತಣ್ಣಗಾಗಿರುತ್ತವೆ, ನನಗೆ ಗೊತ್ತು. ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಗಟ್ಟಿಯಾಗಿದ್ದಾರೆ. ನನ್ನ ಮೊಣಕಾಲು ಎಂದಿನಂತೆ ಗೊಣಗುತ್ತಿದೆ. ಆದರೆ ಹೋದ ಸೋಮವಾರದಿಂದ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿದೆ. ಈ ಕಾಗದವನ್ನು ನಿನ್ನ ರೂಮಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಶನಿವಾರ ಸಿಕ್ಕರೆ ನನ್ನ ಪುಣ್ಯ. ಬರುವ ಸೋಮವಾರ ನಿಮ್ಮ ಕಚೇರಿಯವರು ನಮ್ಮ ಧ್ವನಿಮುದ್ರಣಗಳನ್ನು ಕೇಳಿನೋಡುವವರಿಗೆ ಹಂಚುವುದರೊಳಗೆ ನೀನು ಒಂದು ಕೆಲಸ ಮಾಡಬೇಕು. ಮಾಡದಿದ್ದರೆ ನನ್ನ ದೆಸೆಯಿಂದ ಸವಣೂರಿನ ಒಬ್ಬ ಹೆಣ್ಣುಮಗಳು ಮನೆಯವರ ಕೈಗೆ ಸಿಕ್ಕಿಬೀಳುತ್ತಾಳೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಇದು ಫೋನಿನಲ್ಲಿ ಆಡುವ ಮಾತಲ್ಲ. ಆದರೂ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನನ್ನ ಗೆಳತಿ ಅನೀಸಳ ಫೋನಿನಿಂದ ಎರಡು ಸಲ ಮಾಡಿದೆ. ನೀನು ಎತ್ತಲಿಲ್ಲ. ಗುರುತಿಲ್ಲದ ನಂಬರು ಎತ್ತಬೇಡ ಅಂತ ನಿನಗೆ ಕಲಿಸಿದವಳು ನಾನೇ, ಈಗ ಯಾರನ್ನು ಬೈಯಲಿ? ಕಚೇರಿಗೆ ಮಾಡಿದರೆ ಒಬ್ಬ ಹುಡುಗಿ, ಶ್ವೇತಾ ಮೇಡಂ ಮೀಟಿಂಗಿನಲ್ಲಿದ್ದಾರೆ, ನಿಮ್ಮ ಸ್ವಂತ ನಂಬರು ಕೊಡಿ, ಅವರಿಂದಲೇ ಮಾಡಿಸುತ್ತೇನೆ ಅಂದಳು. ಕೊಡದೆ ಇಟ್ಟುಬಿಟ್ಟೆ. ಮೇಡಂ ಅಂದದ್ದು ಕೇಳಿ ಆ ಗಾಬರಿಯಲ್ಲೂ ಖುಷಿಯಾಯಿತು.

ಇರಲಿ. ದೇಶದ ಇಂಟರ್ನೆಟ್ಟನ್ನು ಅಳೆಯುವ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ ಅಂತ ನೀನು ಹೇಳಿದ ದಿನ ನಾನು ನಕ್ಕಿದ್ದೆ. ಭತ್ತ ಅಳೆಯಬಹುದು, ಬಟ್ಟೆ ಅಳೆಯಬಹುದು, ಗಾಳಿಯಲ್ಲಿ ಹೋಗುವುದನ್ನು ಯಾವ ಸೇರಿನಲ್ಲಿ ಅಳೆಯುತ್ತೀರಿ ಅಂತ ಕೇಳಿದ್ದೆ. ನೀನು ಬೇಸರ ಮಾಡಿಕೊಳ್ಳದೆ ತಿಳಿಸಿದೆ. ಅದು ಎಲ್ಲರ ಕೈಗೂ ಎಟಕುತ್ತದೆಯೇ, ಯಾರನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ, ಮನಸ್ಸಿಗೆ ಬಂದದ್ದನ್ನು ಅದರಲ್ಲಿ ಹೆದರದೆ ಹೇಳಬಹುದೇ, ಹೇಳಿದವರ ಗುಟ್ಟು ಗುಟ್ಟಾಗಿ ಉಳಿಯುತ್ತದೆಯೇ. ಇದನ್ನು ಮನೆಮನೆಗೆ ಹೋಗಿ ಕೇಳಿ, ಬಂದ ಉತ್ತರವನ್ನು ಬೇರೆ ದೇಶಗಳ ಪಕ್ಕ ಇಟ್ಟು ನೋಡುತ್ತಾರೆ ಅಂದೆ. ನರ್ಸರಿ ಶಾಲೆ ಮುಚ್ಚಿದ ಮೇಲೆ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ನನಗೆ, ಬೇಸಿಗೆಯಲ್ಲಿ ನೀನೇ ಪ್ರಶ್ನೆ ಕೇಳುವವರ ಕೆಲಸಕ್ಕೆ ಅರ್ಜಿ ಹಾಕಿಸಿದೆ. ಅವ್ವಾ, ನೀನು ಹೋದರೆ ಹೆಂಗಸರು ಬಾಯಿ ಬಿಡುತ್ತಾರೆ ಅಂದಿದ್ದೆ. ಬಿಟ್ಟರು ಮಗಳೇ. ಈಗ ಅದೇ ಪೀಕಲಾಟ.

ಕೆಲಸವೇನೋ ನನಗೆ ಹಿಡಿಸಿತ್ತು. ಆಧಾರ್ ತೋರಿಸಿ ಬಸ್ ಹತ್ತುವುದು, ಗುರುತಿಲ್ಲದ ಮನೆಯಲ್ಲಿ ಕುಳಿತು ನೀರು ಕುಡಿಯುವುದು, ಅವರ ಮಾತು ಕೇಳುವುದು. ಅಕ್ಕಿಆಲೂರಿನಲ್ಲಿ ಫಕ್ಕೀರಪ್ಪ ಅನ್ನುವವರ ಮನೆಯಲ್ಲಿ ಫೋನು ಯಾರ ಹೆಸರಿನಲ್ಲಿದೆ ಅಂತ ಕೇಳಿದೆ. ಹೆಂಡತಿಯ ಹೆಸರಿನಲ್ಲಿ ಅಂದರು, ಎದೆಯುಬ್ಬಿಸಿ. ಸರ್ಕಾರದ ದುಡ್ಡು ಹೆಂಗಸರ ಖಾತೆಗೆ ಬರುವುದಕ್ಕೆ ಶುರುವಾದ ಮೇಲೆ ಸಿಮ್ಮೆಲ್ಲ ಹೆಂಗಸರ ಹೆಸರಿನಲ್ಲೇ. ಹಾಗಾದರೆ ಫೋನು ಎಲ್ಲಿ ಅಂದರೆ ಅವರ ಅಂಗಿಯ ಕಿಸೆಯಲ್ಲಿ! “ಆಕೀದು ಬ್ಯಾರೆ, ನಂದು ಬ್ಯಾರೆ ಏನ್ರಿ ಬಾಯಾರ?” ಅಂತ ನನ್ನನ್ನೇ ಕೇಳಿದರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು. ನಿಮ್ಮ ಪ್ರಶ್ನೆಪಟ್ಟಿಯಲ್ಲಿ ಹೆಸರು ಕೇಳಿದ್ದೀರಿ, ಕಿಸೆ ಕೇಳಿಲ್ಲ. ಹಾಗಾಗಿ ಉತ್ತರ ತುಂಬುವ ಫೋನಿನಲ್ಲಿ ಹೌದು ಅಂತ ಒತ್ತಿದೆ. ನಮ್ಮ ಹಾನಗಲ್ಲ ತಾಲ್ಲೂಕು ನಿನ್ನ ಕಂಪ್ಯೂಟರಿನಲ್ಲಿ ಬಹಳ ಮುಂದುವರಿದ ಹಾಗೆ ಕಾಣುತ್ತಿರಬೇಕು. ಮಾಸೂರಿನಲ್ಲಿ ಗೋವಿನಜೋಳ ಮುರಿಯಲು ಹೊರಟಿದ್ದ ಒಬ್ಬಾಕೆಯನ್ನು ನಿಲ್ಲಿಸಿ, ಇಂಟರ್ನೆಟ್ಟಿನಲ್ಲಿ ಮನಸ್ಸಿನ ಮಾತು ಹೇಳುವುದಕ್ಕೆ ಹೆದರಿಕೆಯೇ ಅಂತ ಕೇಳಿದೆ. “ಮನ್ಯಾಗ ಹೇಳಾಕ ಹೆದರ್ತೇನ್ರಿ, ಅದರಾಗ ಯಾಕ ಹೇಳ್ಲಿ?” ಅಂತ ಕುಡುಗೋಲು ಹೆಗಲಿಗೇರಿಸಿ ನಡೆದೇಬಿಟ್ಟಳು. ಅದಕ್ಕೆ ಯಾವ ಗುಂಡಿ ಒತ್ತಬೇಕು ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಸವಣೂರು ನನ್ನ ತವರು, ನಿನಗೆ ಗೊತ್ತೇ ಇದೆ. ಅಜ್ಜನ ಮನೆ ಮಾರಿದ ಮೇಲೆ ಅಲ್ಲಿ ನಮ್ಮವರು ಅಂತ ಯಾರೂ ಉಳಿದಿಲ್ಲ, ಆದರೂ ಆ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಕಾಲು ತಾವೇ ನಡೆಯುತ್ತವೆ. ನನಗೆ ಬಂದ ಮನೆಗಳಲ್ಲಿ ಕುಲಸುಮಬಿ ಅನ್ನುವವರದ್ದೂ ಒಂದು. ವಯಸ್ಸಾದವರು, ಬಾಯಿತುಂಬ ಎಲೆಅಡಿಕೆ, ಮಾತು ಅದಕ್ಕಿಂತ ಜಾಸ್ತಿ. ಅವರ ಹಿರಿಯ ಮಗ ಅಯಾಜ್ ಗಾಡಿ ಓಡಿಸುತ್ತಾನೆ. ಅಯಾಜನ ಹೆಂಡತಿ ಮದಿಹಾ, ಬಂಕಾಪುರದ ಹುಡುಗಿ, ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ನಾನು ಮಾತಾಡಿಸಬೇಕಾದದ್ದು ಅವಳನ್ನು, ಅದೂ ಒಬ್ಬಳನ್ನೇ ಕೂರಿಸಿಕೊಂಡು. ತರಬೇತಿಯಲ್ಲಿ ಸಾವಿರ ಸಲ ಹೇಳಿದ್ದರು, ಉತ್ತರ ಕೊಡುವವರ ಪಕ್ಕ ಯಾರೂ ಇರಬಾರದು ಅಂತ. ಹೇಳಿದವರು ನಮ್ಮ ಕಡೆಯ ಮನೆ ನೋಡಿಲ್ಲ. ಬಂದವರನ್ನು ಸೊಸೆಯ ಹತ್ತಿರ ಬಿಟ್ಟು ಅತ್ತೆ ಎದ್ದು ಹೋದರೆ ಅದು ಬಂದವರಿಗೆ ಮಾಡಿದ ಅವಮಾನ. ಕುಲಸುಮಬಿ ಚಾಪೆಯ ಮೇಲೆ ಗಟ್ಟಿಯಾಗಿ ಕುಳಿತರು. ನಮ್ಮ ಸೊಸೆ ಬಹಳ ಓದಿದವಳು, ಎಲ್ಲ ಅವಳೇ ಹೇಳುತ್ತಾಳೆ, ನನಗೇನು ಗೊತ್ತು ಅಂದರು. ಆಮೇಲೆ ಪ್ರತಿ ಪ್ರಶ್ನೆಗೂ ತಾವೇ ಉತ್ತರ ಕೊಟ್ಟರು.

ಹೆಸರು ಮುಚ್ಚಿಟ್ಟುಕೊಂಡು ಎಲ್ಲಿಯಾದರೂ ಬರೆದಿದ್ದೀರಾ ಅನ್ನುವ ಪ್ರಶ್ನೆ ಬಂತು. ನಮ್ಮ ಮನೆಯವರು ಅಂಥವರಲ್ಲ ಅಂದರು ಕುಲಸುಮಬಿ. ಮದಿಹಾ ಇಲ್ಲ ಅಂತ ತಲೆಯಾಡಿಸಿದಳು. ನಾನೂ ಇಲ್ಲ ಅಂತ ಒತ್ತಿದೆ.

ಪ್ರಶ್ನೆ ಮುಗಿಯುವ ಹೊತ್ತಿಗೆ ಸಂಜೆಯ ನಮಾಜಿಗೆ ಅಜಾನ್ ಆಯಿತು. ಕುಲಸುಮಬಿ ಎದ್ದು ಒಳಗೆ ಹೋದರು. ಮದಿಹಾ ಚಹಾ ತಂದಳು. ಶ್ವೇತಾ, ಇಲ್ಲಿಂದ ಗಮನವಿಟ್ಟು ಓದು, ತಪ್ಪು ಆದದ್ದು ಇಲ್ಲಿಯೇ. ಕೊನೆಯ ಗುಂಡಿ ಒತ್ತುವುದೊಂದು ಬಾಕಿ ಇತ್ತು. ಆದರೆ ಒಬ್ಬರು ಬಟ್ಟಲು ಹಿಡಿದು ಎದುರಿಗೆ ಬಂದು ಕುಳಿತಾಗ ಫೋನು ತಿಕ್ಕುತ್ತಾ ಕೂರುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಿನ್ನ ಮಾತೇ ನನಗೆ ಹೆಚ್ಚು ಅಂತ ತೋರಿಸುವುದಕ್ಕೆ ಫೋನನ್ನು ಬೋರಲು ಹಾಕುತ್ತೇವೆ. ನಾನೂ ಚಾಪೆಯ ಮೇಲೆ ಬೋರಲು ಹಾಕಿದೆ. ಒಳಗೆ ನಮ್ಮ ಮಾತಿನ ಧ್ವನಿಮುದ್ರಣ ಓಡುತ್ತಲೇ ಇತ್ತು.

ಮದಿಹಾ ಒಳಬಾಗಿಲ ಕಡೆ ಒಮ್ಮೆ ನೋಡಿದಳು. “ಅಕ್ಕಾರ, ಆವಾಗ ಇಲ್ಲ ಅಂದ್ನೆಲ್ರಿ, ಅದನ್ನ ಹೌದು ಮಾಡ್ರಿ” ಅಂದಳು. ಯಾವುದನ್ನು ಅಂದೆ. ಹೆಸರು ಮುಚ್ಚಿಟ್ಟುಕೊಂಡು ಬರೆಯುವುದನ್ನು ಅಂದಳು. ಆಮೇಲೆ ಹೇಳಿದಳು. ಸವಣೂರಿನವರ ಫೇಸ್‌ಬುಕ್ ಗುಂಪಿನಲ್ಲಿ ಖಲಂದರ ಅಂತ ಒಬ್ಬ ಬರೆಯುತ್ತಾನೆ. ಓಣಿಯಲ್ಲಿ ಗಟಾರು ಅಗೆದು, ಮುಚ್ಚದೆ ಬಿಟ್ಟುಹೋದ ಗುತ್ತಿಗೆದಾರನ ಬಗ್ಗೆ ಫೋಟೋ ಸಮೇತ ಬರೆದದ್ದು ಅವನೇ. ಒಬ್ಬ ಮುದುಕರು ಅದರಲ್ಲಿ ಬಿದ್ದು ಸೊಂಟ ಮುರಿದುಕೊಂಡದ್ದನ್ನೂ ಬರೆದ. ಊರೆಲ್ಲ ಅದನ್ನು ಓದಿತು, ಮೇಲಿನವರು ಬಂದು ನೋಡಿದರು, ಗುತ್ತಿಗೆದಾರನ ಬಿಲ್ಲು ನಿಂತಿತು. ಖಲಂದರ ಯಾರೋ ವಕೀಲನಿರಬೇಕು ಅಂತ ಕೆಲವರು, ಯಾರೋ ಮಾಸ್ತರ ಅಂತ ಕೆಲವರು. ಆ ಖಲಂದರ ನನ್ನೆದುರು ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಳು.

ನನಗೆ ನಗು ಬಂತು. ಅವಳಿಗೂ ಬಂತು, ಆದರೆ ಅರ್ಧದಲ್ಲೇ ನಿಂತಿತು. ಗಂಡನ ತಮ್ಮ ತೌಹೀದ ಅದೇ ಗುತ್ತಿಗೆದಾರನ ಹತ್ತಿರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದನಂತೆ. ಬಿಲ್ಲು ನಿಂತ ಮೇಲೆ ಅವನ ಸಂಬಳವೂ ನಿಂತಿತು. ಖಲಂದರ ಕೈಗೆ ಸಿಕ್ಕರೆ ಬೆರಳು ಮುರಿಯುತ್ತೇನೆ ಅಂತ ಊಟಕ್ಕೆ ಕುಳಿತಾಗೆಲ್ಲ ಆಣೆ ಹಾಕುತ್ತಾನೆ. ಅಯಾಜ್ ಒಳ್ಳೆಯವನೇ, ಆದರೆ ತಮ್ಮನ ಮಾತು ಮೀರುವುದಿಲ್ಲ. “ಮನ್ಯಾಗ ಎಲ್ಲಾರೂ ಅವನ್ನ ಹುಡಕಾಕತ್ತಾರ್ರಿ ಅಕ್ಕಾರ. ನಾ ಅವರಿಗೆ ರೊಟ್ಟಿ ನೀಡ್ಕೋತ ಕೇಳಾಕತ್ತೇನಿ” ಅಂದಳು. ಗೊತ್ತಾದರೆ ಫೋನು ಹೋಗುತ್ತದೆ, ಫೋನಿನಲ್ಲೇ ಪಾಠ ಕೇಳಿ ಮನೆಯಿಂದ ಓದುತ್ತಿರುವ ಎಂ.ಎ. ಹೋಗುತ್ತದೆ, ತನ್ನನ್ನು ಬಂಕಾಪುರಕ್ಕೆ ಕಳಿಸಿ ಮಗುವನ್ನು ಇಲ್ಲೇ ಇಟ್ಟುಕೊಳ್ಳುತ್ತಾರೆ ಅಂದಳು. ಮಗು ತೊಟ್ಟಿಲಲ್ಲಿ ಮಲಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲವಂತೆ. ಯಾಕೆ ನನಗೆ ಹೇಳಿದೆ ಅಂತ ಕೇಳಿದೆ. ನೀವು ಈ ಓಣಿಯವರಲ್ಲ, ನಿಮ್ಮ ಕಾಗದದಲ್ಲಿ ಹೆಸರು ಬರೆಯುವುದಿಲ್ಲ, ದೇಶದ ಲೆಕ್ಕದಲ್ಲಿಯಾದರೂ ನಾನು ಇದ್ದೇನೆ ಅಂತ ಸೇರಲಿ ಅಂದಳು.

ಆಮೇಲೆ ಅವಳು ನನಗೂ ಒಂದು ಪ್ರಶ್ನೆ ಕೇಳಿದಳು. ನಾನೂ ನಾಲ್ಕು ಮಾತು ಆಡಿದೆ. ಹೆಂಗಸರು ಹೆಂಗಸರು ಕುಳಿತಾಗ ಬರುವ ಮಾತು, ಅದು ನಿನಗೆ ಬೇಕಿಲ್ಲ. ಕುಲಸುಮಬಿ ಬಂದರು, ನನಗೆ ಎಲೆಅಡಿಕೆ ಕೊಟ್ಟರು, ನಾನು ಫೋನು ಎತ್ತಿಕೊಂಡು ಇಲ್ಲ ಅಂದದ್ದನ್ನು ಹೌದು ಮಾಡಿ ಕೊನೆಯ ಗುಂಡಿ ಒತ್ತಿ ಎದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬಹಳ ಹೊತ್ತು ಒಬ್ಬಳೇ ನಗುತ್ತಿದ್ದೆ. ಪಕ್ಕದವಳು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು.

ಹೋದ ಸೋಮವಾರ ಶಿಗ್ಗಾವಿಯಲ್ಲಿ ನಮ್ಮ ಸಭೆ. ನಮ್ಮ ಮೇಲ್ವಿಚಾರಕ ಚನ್ನೇಶ ಲ್ಯಾಪ್‌ಟಾಪ್ ತೆರೆದು, ನಾವು ನಿಜವಾಗಿಯೂ ಮನೆಗೆ ಹೋಗಿ ಪ್ರಶ್ನೆ ಕೇಳಿದ್ದೇವೋ, ಮರದಡಿ ಕುಳಿತು ತುಂಬಿದ್ದೇವೋ ಅಂತ ನೋಡುವುದಕ್ಕೆ ಎಲ್ಲರ ಮುದ್ರಣಗಳನ್ನು ತೋರಿಸುತ್ತಿದ್ದ. ಎಲ್ಲರದ್ದೂ ಚೋಟುದ್ದ. “ಏನ್ರಿ ಶೀಲಕ್ಕಾರ, ಸವಣೂರಿಂದೊಂದು ನಾಟಕದಷ್ಟು ಉದ್ದ ಐತಲ್ರಿ!” ಅಂತ ನಕ್ಕ. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಚಾಪೆ, ಬೋರಲು ಬಿದ್ದಿದ್ದ ಆ ಫೋನು ಕಣ್ಣಿಗೆ ಕಟ್ಟಿತು.

ಪ್ರಶ್ನೆಯ ಮೊದಲು ಒಂದು ವಾಕ್ಯ ಓದಬೇಕಲ್ಲ, ಗುಣಮಟ್ಟ ನೋಡಲು ಮಾತಿನ ಕೆಲವು ಭಾಗ ಮುದ್ರಣವಾಗಬಹುದು ಅಂತ. ಅದನ್ನು ನಾನು ಓದಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವ ಹಾಗೆ ಗಡಬಡಿಸಿ ಓದಿದ್ದೇನೆ. ಅವರು ಯಾರೂ ಕೇಳಿಸಿಕೊಂಡಿಲ್ಲ, ನಾನೂ ಕೇಳಿಸಿಕೊಂಡಿಲ್ಲ. ಜನರ ಗುಟ್ಟು ಉಳಿಯುತ್ತದೆಯೇ ಅಂತ ಅಳೆಯಲು ಹೊರಟ ನಾವು ಜನರ ಗುಟ್ಟನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದೇವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಈ ಮಾತು ನಿನ್ನ ದೊಡ್ಡವರಿಗೂ ಹೇಳು, ಅವ್ವ ಹೇಳಿದಳು ಅಂತಲೇ ಹೇಳು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಸಭೆಯ ಕೊನೆಯಲ್ಲಿ ಚನ್ನೇಶ ಹೊಸಬನೊಬ್ಬನನ್ನು ಪರಿಚಯಿಸಿದ. ಸವಣೂರಿನ ಮುದ್ರಣಗಳನ್ನೆಲ್ಲ ಇನ್ನು ಮುಂದೆ ಸವಣೂರಿನವನೇ ಕೇಳಿ ತಾಳೆ ನೋಡುತ್ತಾನೆ, ಅಲ್ಲಿಯ ಮಾತು ಅಲ್ಲಿಯವರಿಗೇ ತಿಳಿಯುವುದು ಅಂದ. ಆ ಹುಡುಗ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಸಲಾಂ ಮಾಡಿದ. ನನ್ನ ಹತ್ತಿರ ಬಂದು ಕುರ್ಚಿ ಎಳೆದು ಕೊಟ್ಟ. “ನಮ್ಮ ಮನಿಗೂ ಬಂದಿದ್ರೆಂತಲ್ರಿ ಬಾಯಾರ. ಅಮ್ಮಿ ನಿಮ್ಮನ್ನ ಭಾಳ ನೆನಸ್ತಾರ. ಸೋಮವಾರ ನಿಮ್ಮವ ಮೊದಲ ಕೇಳ್ತೇನಿ” ಅಂದ. ತೌಹೀದ. ನೋಡಿದರೆ ಬೆರಳು ಮುರಿಯುವವನ ಹಾಗೆ ಕಾಣುವುದೇ ಇಲ್ಲ ಶ್ವೇತಾ. ಬಸ್ಸಿನವರೆಗೆ ನನ್ನ ಚೀಲ ಹಿಡಿದುಕೊಂಡು ಬಂದ. ದಾರಿಯುದ್ದಕ್ಕೂ ಗುತ್ತಿಗೆದಾರನ ಕಥೆ ಹೇಳಿದ, ಯಾರೋ ಹೆಸರಿಲ್ಲದವನು ಬರೆದು ತನ್ನ ಹೊಟ್ಟೆಯ ಮೇಲೆ ಹೊಡೆದ ಅಂತ. ನಾನು ಹೂಂ ಅನ್ನುತ್ತಾ ನಡೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಎಲ್ಲಿ ನನ್ನ ಮುಖವೇ ಹೇಳಿಬಿಡುತ್ತದೋ ಅಂತ ಸೆರಗಿನಿಂದ ಬೆವರು ಒರೆಸಿಕೊಂಡದ್ದೇ ಒರೆಸಿಕೊಂಡದ್ದು.

ಅವನು ಹೋದ ಮೇಲೆ ವಾಪಸ್ ಹೋಗಿ ಚನ್ನೇಶನನ್ನು ಹಿಡಿದೆ. ಸವಣೂರಿನದೊಂದು ತಪ್ಪಿ ಮುದ್ರಣವಾಗಿದೆ, ತೆಗೆದುಬಿಡು ಅಂದೆ. ತೆಗೆಯಲು ತನ್ನ ಕೈಯಲ್ಲಾಗುವುದಿಲ್ಲ, ಎಲ್ಲ ಮೈಸೂರಿನ ನಿಮ್ಮ ಕಚೇರಿಗೆ ಹೋಗಿ ಕುಳಿತಿವೆ, ತೆಗೆಯಬೇಕಾದರೆ ಉತ್ತರ ಕೊಟ್ಟವರೇ ಹೆಸರು ಹಾಕಿ ಸಹಿ ಮಾಡಿ ಅರ್ಜಿ ಕೊಡಬೇಕು ಅಂದ. ಆ ಅರ್ಜಿ ಯಾರ ಕೈಗೆ ಹೋಗುತ್ತದೆ ಅಂದೆ. ಆಯಾ ಊರಿನ ಮುದ್ರಣ ಕೇಳಿ ತಾಳೆ ನೋಡುವವರ ಕೈಗೆ ಅಂದ. ಅಂದರೆ ತೌಹೀದನ ಕೈಗೆ. ಇಂಥ ನಿಯಮ ಬರೆದವರನ್ನು ಒಂದು ದಿನ ಕುಲಸುಮಬಿಯ ಚಾಪೆಯ ಮೇಲೆ ತಂದು ಕೂರಿಸಬೇಕು ಅನ್ನಿಸಿತು.

ಮಂಗಳವಾರ ಸವಣೂರಿಗೆ ಹೋದೆ. ಬಂಕಾಪುರದಲ್ಲಿ ಬಸ್ ಬದಲಿಸುವಾಗ ಎರಡು ಸಲ ಹಿಂತಿರುಗಿಬಿಡೋಣ ಅನ್ನಿಸಿತು. ಹೇಳದಿದ್ದರೆ ಅವಳು ಸೋಮವಾರದವರೆಗಾದರೂ ನಿದ್ದೆ ಮಾಡಿಯಾಳು ಅನ್ನಿಸಿತು. ಆದರೆ ಅವಳ ದನಿ, ಅವಳ ಬಾಳು. ನಾನೊಬ್ಬಳೇ ಮಾಡಿಮುಗಿಸಿ ಬಚ್ಚಿಟ್ಟರೆ ನಾನೂ, ಹೆಂಡತಿಯ ಫೋನು ಕಿಸೆಯಲ್ಲಿ ಇಟ್ಟುಕೊಂಡ ಆ ಫಕ್ಕೀರಪ್ಪನೂ ಒಂದೇ ಆಗುತ್ತೇವೆ. ಕುಲಸುಮಬಿಯ ಹತ್ತಿರ, ಹೋದ ಸಲ ನೀವು ಕೊಟ್ಟ ಎಲೆ ಚೆನ್ನಾಗಿತ್ತು, ಒಂದು ಕಟ್ಟು ಕೊಳ್ಳಲು ಬಂದೆ, ಒಳ್ಳೆಯದು ಎಲ್ಲಿ ಸಿಗುತ್ತದೆ ಅಂತ ಸುಳ್ಳು ಹೇಳಿದೆ. ಸೊಸೆಯೇ ತೋರಿಸುತ್ತಾಳೆ ಅಂತ ಮದಿಹಾಳನ್ನು ಜೊತೆಗೆ ಕಳಿಸಿದರು.

ಓಣಿಯಲ್ಲಿ ಹೇಳಿದೆ. ಆ ಗಟಾರಿನ ಪಕ್ಕವೇ. ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ, ಕಂಕುಳಲ್ಲಿದ್ದ ಮಗುವನ್ನು ಮಾತ್ರ ಅವುಚಿ ಹಿಡಿದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಎಲೆಯಂಗಡಿಯ ಹತ್ತಿರ ಬಂದಾಗ, ಖಲಂದರನ ಖಾತೆಯನ್ನು ಅಳಿಸಿಬಿಡಲೇ ಅಂತ ಕೇಳಿದಳು. ಅಳಿಸಿದರೂ ದನಿ ಮೈಸೂರಿನಲ್ಲಿ ಉಳಿಯುತ್ತದೆ ಅಂದೆ. ಅದನ್ನು ತೆಗೆಸಬಹುದೇ ಅಂದಳು. ನನ್ನ ಮಗಳು ಅಲ್ಲಿದ್ದಾಳೆ, ಕೇಳುತ್ತೇನೆ, ಆದರೆ ಎಲ್ಲವನ್ನೂ ತೆಗೆಯಬೇಕಾಗಬಹುದು, ನಿನ್ನ ಉತ್ತರಗಳನ್ನೂ ಸೇರಿಸಿ, ನೀನು ಲೆಕ್ಕದಲ್ಲೇ ಇರುವುದಿಲ್ಲ ಅಂದೆ.

ಆಗ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು, ಆದರೆ ಮಾತು ಗಟ್ಟಿಯಾಗಿತ್ತು. “ಉತ್ತರ ತಗೀಬ್ಯಾಡ್ರಿ ಅಕ್ಕಾರ. ಅದನ್ನ ಹೇಳಾಕ ನನಗ ಭಾಳ ಧೈರ್ಯ ಬೇಕಾತು. ಅದು ಇರ್ಲಿ. ದನಿ ಅಷ್ಟ ತಗೀರಿ” ಅಂದಳು.

ಇದೇ ಮಗಳೇ ನಾನು ಕೇಳುತ್ತಿರುವುದು. ಅವಳ ಉತ್ತರ ಇರಲಿ. ಅದರಲ್ಲಿ ಹೆಸರಿಲ್ಲ, ಓಣಿಯಿಲ್ಲ, ಸಾವಿರ ಮನೆಗಳ ಹೌದು, ಇಲ್ಲಗಳ ಜೊತೆ ಸೇರಿಹೋಗುತ್ತದೆ. ಸವಣೂರಿನ ಆ ಉದ್ದನೆಯ ಮುದ್ರಣವನ್ನು ತೆಗೆದುಬಿಡು. ಅದನ್ನು ಕಿವಿಗೆ ಹಾಕಿಕೊಳ್ಳದೆ ತೆಗೆ. ನೀನು ನಿಯಮದ ಹುಡುಗಿ, ಚಿಕ್ಕವಳಿದ್ದಾಗ ಆಟದಲ್ಲೂ ಅಳಿಗುಳಿಮಣೆಯ ಒಂದು ಹುಣಸೆಬೀಜ ಆಚೀಚೆ ಆಗಲು ಬಿಟ್ಟವಳಲ್ಲ, ನನಗೆ ಗೊತ್ತು. ಆದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ತಮ್ಮ ಮಾತನ್ನು ವಾಪಸ್ ತೆಗೆದುಕೊಳ್ಳಬಹುದು ಅಂತ ತರಬೇತಿಯ ಮೊದಲ ದಿನವೇ ನೀವೇ ಹೇಳಿಕೊಟ್ಟಿದ್ದೀರಿ. ಅವಳು ತೆಗೆದುಕೊಂಡಳು. ನನ್ನ ಎದುರಿಗೆ, ಬಾಯಿಮಾತಿನಲ್ಲಿ. ಸಹಿಯೊಂದು ಇಲ್ಲ, ಅಷ್ಟೇ. ಯಾರಾದರೂ ಕೇಳಿದರೆ ಪ್ರಶ್ನೆ ಕೇಳಿದವಳು ಗುಂಡಿ ಒತ್ತುವುದನ್ನು ಮರೆತಳು, ಅವಳದೇ ತಪ್ಪು ಅಂತ ಹೇಳು. ನನ್ನನ್ನು ಕೆಲಸದಿಂದ ತೆಗೆದರೆ ತೆಗೆಯಲಿ. ನೀನು ತೆಗೆಯಲು ಆಗದಿದ್ದರೆ, ಸವಣೂರಿನ ಮುದ್ರಣಗಳನ್ನು ತೌಹೀದನಿಗೆ ಹೋಗದ ಹಾಗೆ ಬೇರೆ ಊರಿನವರಿಗೆ ಕೊಡಿಸು. ಅದೂ ಆಗದಿದ್ದರೆ ಏನು ಮಾಡಬೇಕೋ ನನಗೆ ತಿಳಿಯದು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಸವಣೂರಿಗೆ ಹೋಗಿ ಅವಳ ಬಾಗಿಲಲ್ಲಿ ಕುಳಿತುಕೊಳ್ಳುತ್ತೇನೆ, ಅಷ್ಟಂತೂ ಹೌದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದರು ನಮ್ಮ ಹಿರಿಯರು. ಅವರ ಕಾಲದಲ್ಲಿ ಆಡಿದ ಮಾತು ನಿಜಕ್ಕೂ ಹೋಗುತ್ತಿತ್ತು. ಈಗ ಎಲ್ಲಿಗೂ ಹೋಗದೆ ಯಾವುದೋ ಊರಿನ ಪೆಟ್ಟಿಗೆಯಲ್ಲಿ ಕುಳಿತು, ತನ್ನನ್ನು ಕೇಳುವವನಿಗಾಗಿ ಕಾಯುತ್ತಿರುತ್ತದೆ. ನನಗೆ ಬಹಳ ಹೆದರಿಕೆಯಾಗಿದೆ ಶ್ವೇತಾ. ಅವಳಿಗಾಗಿ ಹೆದರಿಕೆ, ಆ ಮಗುವಿಗಾಗಿ ಹೆದರಿಕೆ.

ಆರೋಗ್ಯ ನೋಡಿಕೋ. ಹೊರಗಿನ ಊಟ ಕಡಿಮೆ ಮಾಡು. ನಿಮ್ಮಪ್ಪ ನಿನ್ನ ಕೆಲಸದ ಬಗ್ಗೆ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಹೇಳಿ ಹೇಳಿ ಸುಸ್ತಾಗುವುದಿಲ್ಲ. ಕೆಲಸ ಆಯಿತು ಅಂತ ನನಗೆ ಫೋನಿನಲ್ಲಾಗಲಿ ವಾಟ್ಸಾಪಿನಲ್ಲಾಗಲಿ ತಿಳಿಸಬೇಡ. ಅನೀಸಳ ಅಂಗಡಿಗೆ ಫೋನ್ ಮಾಡಿ, ರವಿಕೆ ಹೊಲಿದಾಯಿತೇ ಅಂತ ಕೇಳು. ಅವಳ ನಂಬರನ್ನು ಕಾಗದದ ಹಿಂದೆ ಬರೆದಿದ್ದೇನೆ.

ನಿನ್ನ ದಾರಿ ಕಾಯುತ್ತಿರುವ
ಅವ್ವ
ಶೀಲಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ನಿಯಮದಂತೆ ನೀನು ಮುದ್ರಣ ಕೇಳಿಯೇ ತೆಗೆಯಬೇಕಾಗಿ ಬಂದರೆ, ಅದರ ಕೊನೆಯಲ್ಲಿ ನಿಮ್ಮಪ್ಪನ ಬಗ್ಗೆ ನಾನು ಮದಿಹಾಗೆ ಹೇಳಿದ್ದು ನಿನ್ನ ಕಿವಿಗೆ ಬೀಳುತ್ತದೆ. ಅದು ನಿಜ. ನಿಮ್ಮ ಫೋನು ನಿಮಗೊಬ್ಬರಿಗೇ ತೆರೆಯುತ್ತದೆಯೇ ಅಂತ ಅವಳು ಕೇಳಿದ್ದಳು. ಮೋಸದ ಮೆಸೇಜು ಬರುತ್ತವೆ, ನಿನಗೆ ತಿಳಿಯುವುದಿಲ್ಲ ಅಂತ ನಿಮ್ಮಪ್ಪ ನನ್ನ ವಾಟ್ಸಾಪನ್ನು ತಮ್ಮ ಫೋನಿನಲ್ಲೂ ತೆರೆದುಕೊಂಡು ಬಹಳ ದಿನವಾಯಿತು. ಓದುತ್ತಾರೆ ಅಂತ ಗೊತ್ತಿತ್ತು, ಸುಮ್ಮನಿದ್ದೆ. ಉತ್ತರವನ್ನೂ ಕೊಡುತ್ತಾರೆ ಅಂತ ಗೊತ್ತಾದದ್ದು ಮೊನ್ನೆ ಮೊನ್ನೆ. ಅನೀಸ ತನ್ನ ಮಗಳ ಮದುವೆಗೆ ಕರೆದದ್ದಕ್ಕೆ, ನಮಗೆ ಬರಲಾಗುವುದಿಲ್ಲ, ಇನ್ನು ಮೆಸೇಜು ಮಾಡಬೇಡ ಅಂತ ನನ್ನ ಹೆಸರಿನಿಂದ ಹೋಗಿತ್ತು. ನನ್ನ ಫೋನಿನಲ್ಲಿ ಅದು ಅಳಿಸಿತ್ತು, ಅವಳ ಫೋನಿನಲ್ಲಿತ್ತು. ಅವಳು ತೋರಿಸಿದಳು. ಅವರ ಜೊತೆ ಜಗಳಕ್ಕೆ ನಿಲ್ಲಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ನನಗೆ ಬೇಕಾದದ್ದು ಬೇರೆ. ನೀನು ಪಂಚಮಿಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಯಾಕೆ ಅಂತ ಕೇಳಿದರೆ, ನೀನೇ ಬರೆದಿದ್ದೀಯಲ್ಲ ಅವ್ವಾ, ಮತ್ತೇನು ಕೇಳುತ್ತೀ ಅಂದೆ ನೀನು. ನಿನಗೆ ಹಾಗೆ ಏನನ್ನೂ ಬರೆದ ನೆನಪು ನನಗಿಲ್ಲ. ನೀನು ಏನು ಕೇಳಿದ್ದೆ, ನನ್ನ ಹೆಸರಿನಿಂದ ನಿನಗೆ ಏನು ಬಂತು, ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಅನೀಸಳ ಅಂಗಡಿಗೆ ಕಳಿಸು. ಓದಿ, ನನ್ನ ಉತ್ತರವನ್ನು ನನ್ನ ಕೈಯಾರೆ ಬರೆಯುತ್ತೇನೆ.